ಕಡಿಮಿ ಬಂದ್ರ

ಶಿಗ್ಗಾವಿಯ ಬಸ್‌ಸ್ಟ್ಯಾಂಡಿನ ಎದುರು ಮಿರ್ಚಿ ಭಜಿ ಕರಿಯುವವರು ಹಿಟ್ಟಿಗೆ ಅಜವಾನವನ್ನು ಸ್ವಲ್ಪ ಜಾಸ್ತಿಯೇ ಹಾಕುತ್ತಾರೆ. ಊರೆಲ್ಲ ಬಾಯಲ್ಲಿ ನೀರೂರಿಸಿಕೊಂಡು ನಿಲ್ಲುವ ಆ ವಾಸನೆಗೆ ನನಗೆ ಮಾತ್ರ ಹೊಟ್ಟೆ ತೊಳಸುತ್ತದೆ. ನನ್ನಿಂದಾಗಿ ಮನೆಯಲ್ಲಿ ಹೆಂಡತಿ ಚಕ್ಕಲಿಗೆ ಅಜವಾನ ಹಾಕುವುದನ್ನೇ ಬಿಟ್ಟಳು. "ನಿಮ್ಮ ಮೂಗಿಗೆ ಯಾವ ದೇವ್ರು ಶಾಪಾ ಕೊಟ್ಟಾನೋ ಏನೋ" ಎಂದು ದೀಪಾವಳಿ ಬಂದಾಗೊಮ್ಮೆ ಗೊಣಗುತ್ತಾಳೆ. ದೇವರ ತಪ್ಪೇನೂ ಇಲ್ಲ. ಥೈಮಾಲ್ ಎಂಬ ಒಂದು ಹರಳಿನ ಕೆಲಸವದು. ನಾನಿದ್ದ ಆಸ್ಪತ್ರೆಯ ಪ್ರಯೋಗಾಲಯದಿಂದ, ದಿನವಿಡೀ ಕೂಡಿಸಿಟ್ಟ ಮೂತ್ರ ಕೆಡಬಾರದೆಂದು ಡಬ್ಬಿಯ ತಳಕ್ಕೆ ಆ ಹರಳು ಹಾಕಿ ಕೊಡುತ್ತಿದ್ದೆವು. ಅದರ ವಾಸನೆ ಥೇಟ್ ಅಜವಾನದ್ದೇ. ಅಂಥ ಡಬ್ಬಿಗಳ ನಡುವೆ ಒಂದು ಮಳೆಗಾಲ ಕಳೆದವನಿಗೆ ಭಜಿ ಹೇಗೆ ರುಚಿಸಬೇಕು?

ಹೋದ ತಿಂಗಳು ಆ ವಾಸನೆಯನ್ನು ಮೂಗಿನಲ್ಲಿ ತುಂಬಿಕೊಂಡೇ ನನ್ನ ತಂಗಿಯ ಮಗಳು ಸುಜಾತಾಳನ್ನು ನೋಡಲು ಅವಳ ಆಸ್ಪತ್ರೆಗೆ ಹೋಗಿದ್ದೆ. ಎಚ್‌ಐವಿ ಇರುವವರಿಗೆ ಗುಳಿಗೆ ಕೊಡುವ ವಿಭಾಗದಲ್ಲಿ ಅವಳು ಆಪ್ತಸಮಾಲೋಚಕಿ. ನಾನು ಹೊರಗಿನ ಬೆಂಚಿನ ಮೇಲೆ ಕುಳಿತೆ. ಅಕ್ಕಪಕ್ಕದವರು ಸೆರಗು, ಟವೆಲ್ಲು, ಮಾಸ್ಕು ಏನು ಸಿಕ್ಕರೆ ಅದರಲ್ಲಿ ಮುಖ ಮುಚ್ಚಿಕೊಂಡು ಗೋಡೆ ನೋಡುತ್ತಿದ್ದರು. ಅವರು ನುಂಗುವ ಗುಳಿಗೆಗಳಲ್ಲಿ ಕೆಲವು ಮೂತ್ರಪಿಂಡಕ್ಕೆ ತೊಂದರೆ ಕೊಡಬಹುದು. ಹಾಗಾಗಿ ಆಗಾಗ ರಕ್ತ ತೆಗೆದು ಕಿಡ್ನಿ ಹೇಗಿದೆ ಎಂದು ನೋಡುತ್ತಾರೆ. ಈಗ ಅದೆಲ್ಲ ಸಲೀಸು. ರಕ್ತದ ಅಂಕಿ, ವಯಸ್ಸು, ತೂಕ ಹಾಕಿದರೆ ಕಂಪ್ಯೂಟರೇ ಲೆಕ್ಕ ಮಾಡಿ ಹೇಳಿಬಿಡುತ್ತದೆ. ಡಬ್ಬಿಯಿಲ್ಲ, ಹರಳಿಲ್ಲ.

ಬಾಗಿಲ ಬಳಿ ಒಬ್ಬ ತಾಯಿ ಸುಜಾತಾಳ ಕೈ ಹಿಡಿದು ನಿಲ್ಲಿಸಿದಳು. ಪಕ್ಕದಲ್ಲಿ ಮಗ, ಗಾಳಿಗೆ ಹಾರುವಂತಿದ್ದ. "ಅದರಾಗ ಕಡಿಮಿ ಬಂದ್ರ ಗುಳಿಗಿ ಬಂದ್ ಮಾಡ್ತೀರೇನ್ರಿ?" ಎಂದು ಆ ತಾಯಿ ಕೇಳಿದಳು. ಕಡಿಮಿ ಬಂದ್ರ ಎಂಬ ಆ ಮಾತು ನಾನು ಹಿಂದೆ ಕೇಳಿದ್ದೇ. ಸುಜಾತಾ ಅವಸರ ಮಾಡಲಿಲ್ಲ. "ಕಡಿಮಿ ಅಂದ್ರ ಏನಂತ ತಿಳಕೊಂಡೀರಿ, ಯವ್ವಾ? ಮೊದ್ಲ ನೀವ ಹೇಳ್ರಿ, ಆಮ್ಯಾಲೆ ನಾ ಹೇಳ್ತೇನಿ. ಗುಳಿಗಿ ಬಂದ್ ಮಾಡೂದಿಲ್ಲ, ಬೇಕಾದ್ರ ಬದಲಿ ಮಾಡ್ತೇವಿ" ಎಂದು ಅವರನ್ನು ಒಳಗೆ ಕರೆದುಕೊಂಡು ಹೋದಳು. ಹೋಗುವಾಗ ನನ್ನ ಕಡೆ ಒಮ್ಮೆ ನೋಡಿದಳು. ಹಾಗೆ ತಿರುಗಿ ಕೇಳುವುದನ್ನು ಅವಳು ಕಲಿತದ್ದು ನಮ್ಮ ಮನೆಯ ಪಡಸಾಲೆಯಲ್ಲಿ, ಗೌರವ್ವನ ಕಥೆಯನ್ನು ನನ್ನ ಬಾಯಿಂದ ಕೇಳಿ ಕೇಳಿ ಬೇಸತ್ತು.

ಅದು ಎಂಬತ್ತರ ದಶಕ ಆಗಷ್ಟೇ ಶುರುವಾಗಿದ್ದ ಕಾಲ. ಆಗ ಎಚ್‌ಐವಿಯ ಹೆಸರು ಯಾರಿಗೂ ಗೊತ್ತಿರಲಿಲ್ಲ. ಮುಖ ಮುಚ್ಚಿಕೊಂಡು ಕೂರುವವರು ಆಗಲೂ ಇದ್ದರು, ಅವರಿಗಿದ್ದದ್ದು ಕ್ಷಯ. ಹಿರೇಕೆರೂರು ಕಡೆಯವನಾದ ನಾನು ಪ್ರಯೋಗಾಲಯದ ತರಬೇತಿ ಮುಗಿಸಿ, ಶಿಗ್ಗಾವಿ-ಸವಣೂರು ರಸ್ತೆಯ ಬದಿಗಿದ್ದ ಒಂದು ಧರ್ಮಾರ್ಥ ಕ್ಷಯದ ಆಸ್ಪತ್ರೆ ಸೇರಿದ್ದೆ. ಈಗ ಆ ಆಸ್ಪತ್ರೆಯೂ ಇಲ್ಲ, ಅದರ ಹಂಚೂ ಇಲ್ಲ. ಸವಣೂರಿನಲ್ಲಿ ಎಲೆ ವ್ಯಾಪಾರದ ಸಾಹೇಬರೊಬ್ಬರ ಮನೆಯ ಅಟ್ಟದ ಮೇಲೆ ಬಾಡಿಗೆಗಿದ್ದೆ. ಬೆಳಿಗ್ಗೆ ಎದ್ದರೆ ಕೆಳಗೆ ವೀಳ್ಯದೆಲೆ ತೊಳೆಯುವ ಸದ್ದು, ಆಸ್ಪತ್ರೆಗೆ ಹೋದರೆ ಕೆಮ್ಮಿನ ಸದ್ದು. ಹಾನಗಲ್ಲಿನಿಂದ, ಹುಲಗೂರಿನಿಂದ, ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು. ಕಫದ ಗಾಜುಪಟ್ಟಿಗಳನ್ನು ನೋಡಿ ನೋಡಿ ಸಂಜೆಯ ಹೊತ್ತಿಗೆ ಕಣ್ಣು ಮಂಜಾಗುತ್ತಿತ್ತು. ಆ ವರ್ಷ ಮಿರಗದ ಮಳೆ ಹಿಡಿದದ್ದು ಬಿಡಲೇ ಇಲ್ಲ. ಹಾಸಿಗೆ, ಬಟ್ಟೆ, ಬ್ರೆಡ್ಡು, ಸೂಕ್ಷ್ಮದರ್ಶಕದ ಗಾಜು, ಎಲ್ಲಕ್ಕೂ ಬೂಷ್ಟು ಹಿಡಿಯಿತು. ವಯಸ್ಸು ಇಪ್ಪತ್ತರ ಆಸುಪಾಸು, ಆದರೆ ಆ ಮಳೆಗಾಲದಷ್ಟು ದಣಿವನ್ನು ನಾನು ನಿವೃತ್ತಿಯ ಹಿಂದಿನ ದಿನವೂ ಪಟ್ಟಿಲ್ಲ.

ನಮ್ಮ ಡಾಕ್ಟರು ಒಬ್ಬ ಹೆಣ್ಣುಮಗಳು. ಎಲ್ಲರೂ ಡಾಕ್ಟರ ಬಾಯಿ ಎನ್ನುತ್ತಿದ್ದರು. ಧಾರವಾಡದವರು, ನಡುವಯಸ್ಸು, ಯಾವಾಗಲೂ ಒದ್ದೆಯಾಗಿರುತ್ತಿದ್ದ ಸೀರೆಯ ಅಂಚು, ಕಡಕ್ ಚಹಾ. ಸಿಟ್ಟು ಬಂದರೆ ನನ್ನನ್ನು "ಈರಣ್ಣಾವರ" ಎಂದು ಕರೆಯುತ್ತಿದ್ದರು, ಸಮಾಧಾನದಲ್ಲಿದ್ದರೆ ಬರೀ ಈರಣ್ಣ.

ಆಷಾಢದಲ್ಲಿ ದುಂಡಸಿಯಿಂದ ನೀಲವ್ವ ಬಂದಳು. ಮೂವತ್ತರ ಒಳಗಿನ ಹೆಂಗಸು, ಮೈಯಲ್ಲಿ ಎಲುಬು ಬಿಟ್ಟು ಬೇರೇನೂ ಉಳಿದಿರಲಿಲ್ಲ. ಒಮ್ಮೆ ವಾಸಿಯಾಯಿತೆಂದು ಗುಳಿಗೆ ಬಿಟ್ಟಿದ್ದಳು, ಕ್ಷಯ ಮತ್ತೆ ಎದ್ದಿತ್ತು. ಜೊತೆಗೆ ಬಂದವಳು ಅತ್ತೆ ಗೌರವ್ವ. ಗಂಟಲು ದೊಡ್ಡದು, ಹಣೆಯ ಕುಂಕುಮ ಇನ್ನೂ ದೊಡ್ಡದು. ಕುಂತಲ್ಲಿಂದಲೇ ಸೊಸೆಯನ್ನು ಬೈಯುತ್ತಿದ್ದಳು: "ಗುಳಿಗಿ ನುಂಗಂದ್ರ ಉಗುಳತಿದ್ಲರಿ ಇಕಿ. ತಾಟು ಬ್ಯಾರೆ ಇಟ್ಟೇನಿ, ಚರಿಗಿ ಬ್ಯಾರೆ ಇಟ್ಟೇನಿ, ಇನ್ನೇನ ಮಾಡ್ಲಿ?" ನೀಲವ್ವ ನೆಲ ನೋಡುತ್ತ ಸೆರಗಿನ ತುದಿ ಕಚ್ಚಿಕೊಂಡಿದ್ದಳು. ಅತ್ತೆಯ ಮಾತು ಅವಳ ಮೇಲೆ ಮಳೆಯ ಹಾಗೆ ಬಿದ್ದು ಹರಿದುಹೋಗುತ್ತಿತ್ತು.

ಅವಳನ್ನು ಉಳಿಸಬಹುದಾಗಿದ್ದದ್ದು ಸ್ಟ್ರೆಪ್ಟೋಮೈಸಿನ್ ಸೂಜಿ. ದಿನಕ್ಕೊಂದರಂತೆ, ತಿಂಗಳುಗಟ್ಟಲೆ. ಆದರೆ ಆ ಔಷಧಿ ಮೈಯಿಂದ ಹೊರಹೋಗುವುದು ಮೂತ್ರಪಿಂಡದ ದಾರಿಯಿಂದ. ಮೂತ್ರಪಿಂಡ ಸೋತಿದ್ದರೆ ಅದು ಮೈಯಲ್ಲೇ ಉಳಿದು ಮೂತ್ರಪಿಂಡವನ್ನೂ ಕಿವಿಯನ್ನೂ ತಿನ್ನುತ್ತದೆ. ನೀಲವ್ವನಿಗೆ ಬಾಣಂತನದಲ್ಲಿ ಮುಖ ಕಾಲು ಊದಿಕೊಂಡಿದ್ದವಂತೆ, ಈಗಲೂ ಬೆಳಿಗ್ಗೆ ಕಣ್ಣಿನ ಕೆಳಗೆ ಬಾವು. ಸೂಜಿ ಕೊಡದಿದ್ದರೆ ಕ್ಷಯ ಬಿಡುವುದಿಲ್ಲ, ಕೊಟ್ಟರೆ ಮೂತ್ರಪಿಂಡ ತಡೆಯುತ್ತದೋ ಇಲ್ಲವೋ ಗೊತ್ತಿಲ್ಲ. ಆ ಹೆಂಗಸಿನ ಜೀವ ನಿಂತದ್ದು ಈ ಒಂದು ಮಾತಿನ ಮೇಲೆ.

ರಕ್ತದಲ್ಲಿ ನೋಡಿದರೆ ಎಲ್ಲ ಸರಿಯಾಗಿಯೇ ಕಾಣಿಸಿತು. ಆದರೆ ಸೊರಗಿದವರ ರಕ್ತ ಮೋಸ ಮಾಡುತ್ತದೆ. ನಾವು ಅಳೆಯುವ ಕ್ರಿಯಾಟಿನಿನ್ ಎಂಬುದು ಮೈಯ ಮಾಂಸಖಂಡ ದಿನಾ ಹೊರಹಾಕುವ ಬೂದಿ. ಅದನ್ನು ಗುಡಿಸುವುದು ಮೂತ್ರಪಿಂಡದ ಕೆಲಸ. ಒಲೆಯನ್ನೇ ಹಚ್ಚದ ಮನೆಯಲ್ಲಿ ಬೂದಿ ಕಾಣದಿದ್ದರೆ ಸೊಸೆ ಚೆನ್ನಾಗಿ ಗುಡಿಸಿದ್ದಾಳೆ ಎನ್ನಲಾಗುತ್ತದೆಯೇ? ಹಾಗಾಗಿ ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನು ಪೂರಾ ಕೂಡಿಸಿ, ಎಷ್ಟು ಬೂದಿ ಹೊರಗೆ ಬಿತ್ತು ಎಂದು ನೋಡಿ, ರಕ್ತದ ಜೊತೆ ತಾಳೆ ಹಾಕಬೇಕು. ಸುಜಾತಾ ಕೂಡ ಮೊನ್ನೆ ಇದನ್ನೇ ಹೇಳಿದಳು: "ತೂಕ ಇಲ್ಲದವರ ನಂಬರ ಒಮ್ಮೆಲೆ ನಂಬೂದಿಲ್ಲ ಮಾಮಾ."

ಡಾಕ್ಟರ ಬಾಯಿ ಬಿಳಿ ಪ್ಲಾಸ್ಟಿಕ್ ಡಬ್ಬಿಯನ್ನು ಗೌರವ್ವನ ಕೈಗಿತ್ತು ಬಿಡಿಸಿ ಬಿಡಿಸಿ ಹೇಳಿದರು. "ಮುಂಜಾನೆ ಎದ್ದಕೂಡ್ಲೆ ಮೊದಲನೇದು ಹೊರಗ ಚೆಲ್ಲಬೇಕು. ಆಮ್ಯಾಲಿಂದು ಎಲ್ಲಾ ಇದರಾಗ. ಮರುದಿನ ಮುಂಜಾನಿದೂ ಇದರಾಗ. ಒಂದ ಹನಿ ಹೊರಗ ಹೋಗಬಾರದು."

"ಇದನ್ನೆಲ್ಲಾ ಯಾಕ್ರಿ, ಬಾಯಾರ?" ಎಂದಳು ಗೌರವ್ವ.

"ಇದರ ಮ್ಯಾಲೆ ಸೂಜಿ ಲೆಕ್ಕಾ ಐತಿ. ಚೊಲೋ ಬಂದ್ರ ದಿನಾ ಸೂಜಿ. ಕಡಿಮಿ ಬಂದ್ರ ಸೂಜಿ ನಿಲ್ಲಸೂಣು."

ಗೌರವ್ವ ಡಬ್ಬಿಯನ್ನು ಮೂಗಿಗೆ ಹಿಡಿದು, "ಅಜವಾನಾ ಹಾಕೀರೇನ್ರಿ?" ಎಂದು ಕೇಳಿದಳು. ನಾವು ನಕ್ಕೆವು. ಆ ದಿನ ನಗುವುದಕ್ಕೆ ಸಿಕ್ಕದ್ದು ಅದೊಂದೇ.

ಎರಡು ದಿನ ಬಿಟ್ಟು ಡಬ್ಬಿ ಬಂತು. ಬಸ್ಸಿನಲ್ಲಿ ಕಂಡಕ್ಟರ್ ಕಳ್ಳಭಟ್ಟಿ ಎಂದುಕೊಂಡು ಇಳಿಸಲು ಹೋದನಂತೆ. ಗೌರವ್ವ ಬಿರಡೆ ತೆಗೆದು ಮೂಸಿಸಿ "ಅಜವಾನದ ಕಷಾಯ ಐತಪಾ, ಮನ್ಯಾಗ ಜಡ್ಡಿನವರಿಗೆ" ಅಂದಳಂತೆ. ಅವನಿಗೂ ಆ ವಾರ ಹೊಟ್ಟೆ ಸರಿಯಿರಲಿಲ್ಲ. ತನಗೂ ಒಂದು ಗುಟುಕು ಕೊಡವ್ವ ಎಂದು ಶಿಗ್ಗಾವಿಯ ತನಕ ಬೆನ್ನು ಹತ್ತಿದನಂತೆ. ಇದನ್ನು ಅವಳು ಹೇಳಿದ ರೀತಿಗೆ ಡಾಕ್ಟರ ಬಾಯಿ ಕೂಡ ಮುಖ ತಿರುಗಿಸಿಕೊಂಡು ನಕ್ಕರು.

ಅಳೆಯುವ ಕೆಲಸಕ್ಕೆ ಪಿಕ್ರಿಕ್ ಆಮ್ಲ ಬೇಕು. ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದ ಪಾರ್ಸಲನ್ನು ನಾನೇ ಸೈಕಲ್ ತುಳಿದು ಯಲವಿಗಿ ಸ್ಟೇಷನ್ನಿನಿಂದ ತಂದಿದ್ದೆ. ಅರಿಷಿಣಕ್ಕಿಂತ ಹಳದಿ ಅದು, ಕೈಗೆ ಹತ್ತಿದರೆ ವಾರಗಟ್ಟಲೆ ಹೋಗುವುದಿಲ್ಲ. ಸಾಹೇಬರ ಮನೆಯ ಹೆಂಗಸರು ನನ್ನ ಬೆರಳು ನೋಡಿ "ಏನ್ರೀ ಮದಿಮಗನ, ಅರಿಷಿಣಾ ಹಚ್ಚಿದ್ರಂತಲ್ಲ, ನಮಗ ಕರೀಲೇ ಇಲ್ಲ" ಎಂದು ಚೇಷ್ಟೆ ಮಾಡುತ್ತಿದ್ದರು. ಮೂತ್ರಕ್ಕೆ ಅದನ್ನು ಬೆರೆಸಿದರೆ ಬಣ್ಣ ಕಿತ್ತಳೆಗೆ ತಿರುಗುತ್ತದೆ, ಆ ಬಣ್ಣವನ್ನು ಒಂದು ಯಂತ್ರದಲ್ಲಿಟ್ಟು ಓದಬೇಕು. ಓದುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಕರೆಂಟು ಬರುವಷ್ಟರಲ್ಲಿ ಬಣ್ಣ ಬದಲಾಗಿ ಮತ್ತೆ ಮೊದಲಿನಿಂದ ಮಾಡಬೇಕು. ನೀಲವ್ವನ ಡಬ್ಬಿಯನ್ನೂ ಹೀಗೆ ಮಾಡಿದ್ದನ್ನೇ ಮಾಡಿ ಕೊನೆಗೊಂದು ಅಂಕಿ ಸಿಕ್ಕಿತು. ತುಂಬ ಒಳ್ಳೆಯ ಅಂಕಿ. ಡಾಕ್ಟರ ಬಾಯಿಗೆ ಖುಷಿಯಾಯಿತು, ನನಗೂ ಆಯಿತು. ದಿನಕ್ಕೊಂದು ಪೂರ್ತಿ ಸೂಜಿ ಶುರುವಾಯಿತು. ಸೂಜಿ ಹಾಕಲು ಅವರ ಊರಿನ ಹತ್ತಿರವೇ ಒಬ್ಬ ನರ್ಸಬಾಯಿ ಒಪ್ಪಿಕೊಂಡಿದ್ದಳು.

ಶ್ರಾವಣ ಬಂತು. ನೀಲವ್ವನ ಕೆಮ್ಮು ಇಳಿದಿತ್ತು, ಜ್ವರ ಬಿಟ್ಟಿತ್ತು. ಆದರೆ ನಡೆಯುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದಳು. ಮೊದಲ ಸಲ ಅವಳೇ ಬಾಯಿ ಬಿಟ್ಟು ಹೇಳಿದಳು: "ಕಿವ್ಯಾಗ ಜೀರಂಗಿ ಹುಳಾ ಒದರಾಕತ್ತಾವ್ರಿ. ಹಗಲಿ ಇಲ್ಲ, ರಾತ್ರಿ ಇಲ್ಲ." ಮುಖದ ಬಾವು ಹೆಚ್ಚಿತ್ತು. ರಕ್ತದ ಅಂಕಿ ಈ ಸಲ ಏರಿತ್ತು. ಡಾಕ್ಟರ ಬಾಯಿ ಆ ಕ್ಷಣವೇ ಸೂಜಿ ತಡೆದು, ಇನ್ನೊಮ್ಮೆ ಡಬ್ಬಿ ಕೊಟ್ಟು ಕಳಿಸಿದರು.

ಎರಡನೇ ಡಬ್ಬಿ ಕೊರಳ ತನಕ ತುಂಬಿ ಬಂತು. ಗೌರವ್ವ ಅದನ್ನು ಮಗುವಿನಂತೆ ಸೊಂಟದ ಮೇಲಿಟ್ಟುಕೊಂಡು ತಂದಿದ್ದಳು. ಪಾಪ, ಬಸ್ಸು ಸಿಗದೆ ಅರ್ಧ ದಾರಿ ನಡೆದಿದ್ದಳು. ಕಾಲಿಗೆ ಮೊಣಕಾಲ ತನಕ ಕೆಸರು.

ನಾನು ಅಳೆದೆ. ಮತ್ತೆ ಅಳೆದೆ. ಡಾಕ್ಟರ ಬಾಯಿಯ ಮುಂದೆ ಅಂಕಿ ಇಟ್ಟೆ. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ಈರಣ್ಣಾವರ, ಇದೇನಿದು? ಈ ಲೆಕ್ಕಕ್ಕ ನೀಲವ್ವ ಗರಡಿಮನಿ ಪೈಲವಾನ ಆಗಬೇಕಲ್ಲ. ಈ ಮೈಯಾಗ ಇಷ್ಟು ಎಲ್ಲಿಂದ ಬಂತು?"

"ನಾನೂ ಅದನ್ನ ಅನ್ನಾಕತ್ತೇನ್ರಿ. ಮೂರ ಸಲ ಮಾಡೀನಿ, ಅಷ್ಟ ಬರಾಕತ್ತೈತಿ."

ರಕ್ತ ಒಂದು ಹೇಳುತ್ತಿತ್ತು, ಡಬ್ಬಿ ಇನ್ನೊಂದು ಹೇಳುತ್ತಿತ್ತು. ಔಷಧಿಯ ತಪ್ಪೋ, ಯಂತ್ರದ ತಪ್ಪೋ ಎಂದು ನಾವಿಬ್ಬರೂ ತಲೆ ಕೆಡಿಸಿಕೊಂಡು ನಿಂತಿದ್ದಾಗ ಗೌರವ್ವ ಬಾಗಿಲಲ್ಲಿ ಇಣುಕಿದಳು. "ಸಾಕಾತಿಲ್ರಿ? ಈ ಸಲ ತುಂಬೇತಿ ನೋಡ್ರಿ." ಅವಳ ಮುಖದಲ್ಲಿದ್ದದ್ದು ಹೆಮ್ಮೆ.

ಡಾಕ್ಟರ ಬಾಯಿ ಅಂಕಿಯ ಚೀಟಿಯನ್ನು ಮೇಜಿನ ಮೇಲಿಟ್ಟರು. ಆಮೇಲೆ ಹೊರಗೆ ಹೋಗಿ ಕಟ್ಟೆಯ ಮೇಲೆ ಅವಳ ಪಕ್ಕದಲ್ಲಿ ಕುಳಿತರು. ನಾನು ಬಾಗಿಲಲ್ಲಿ ನಿಂತೆ. ಮಳೆ ಸಣ್ಣಗೆ ಹನಿಯುತ್ತಿತ್ತು.

"ಗೌರವ್ವಾ, ನೀಲವ್ವ ದಿನಕ್ಕ ಎಷ್ಟ ಸಲ ಹೋಗ್ತಾಳ?"

"ಎಲ್ಲಿ ಹೋಗ್ತಾಳ್ರಿ ಅಕಿ. ಎರಡ ಸಲ ಹೋದ್ರ ಹೆಚ್ಚಾತು. ಅದೂ ಒಂದೀಟು."

"ಹಂಗಾರ ಡಬ್ಬಿ ಹೆಂಗ ತುಂಬಿತು?"

ಗೌರವ್ವ ನಕ್ಕಳು. "ಹಂಗ ಬಿಡಾಕ ಆಕ್ಕೈತೇನ್ರಿ? ನೀವ ಹೇಳಿದ್ರಲ್ಲಾ, ಕಡಿಮಿ ಬಂದ್ರ ಸೂಜಿ ನಿಲ್ಲಸೂಣು ಅಂತ. ಸೂಜಿ ನಿಲ್ಲಿಸಿದವರು ನಮ್ಮ ಓಣ್ಯಾಗ ಒಬ್ರೂ ಉಳದಿಲ್ರಿ. ಮೊದಲನೇ ಸಲಾನೂ ಕಡಿಮಿ ಬಿದ್ದಿತ್ತು, ನಾ ಒಬ್ಬಾಕಿನ ನಂದೂ ಕೂಡಿಸಿದ್ದೆ. ಈ ಸಲ ನನ್ನ ಮಗಾನೂ ಕೂಡಿಸ್ಯಾನ. ಮತ್ತ ದೊಡ್ಡವರು ಕೊಟ್ಟ ಡಬ್ಬಿ ಅರ್ಧಾ ಮಾಡಿ ತಂದಕೊಡೂದು ಚಂದಲ್ಲರಿ."

ನಮ್ಮ ಕಡೆ ಇನ್ನೊಬ್ಬರ ಮನೆಯ ಪಾತ್ರೆಯನ್ನು ಖಾಲಿ ಮರಳಿಸುವುದಿಲ್ಲ. ಮಜ್ಜಿಗೆ ತಂದ ತಂಬಿಗೆಯಲ್ಲಿ ನಾಲ್ಕು ಕಾಳಾದರೂ ಹಾಕಿ ಕೊಡುತ್ತಾರೆ. ನನ್ನ ಅವ್ವನೂ ಹಾಗೆಯೇ ಮಾಡುತ್ತಿದ್ದಳು. ಡಾಕ್ಟರ ಬಾಯಿ ಕಡಿಮಿ ಅಂದದ್ದು ಲೆಕ್ಕ ಮಾಡಿದ ಮೇಲೆ ಸಿಗುವ ಅಂಕಿಯನ್ನು. ಗೌರವ್ವ ತಿಳಿದದ್ದು ಡಬ್ಬಿಯಲ್ಲಿರುವುದನ್ನು. ಸುತ್ತಲ ನಾಲ್ಕು ತಾಲ್ಲೂಕಿನಲ್ಲಿ ಯಾರನ್ನು ಕೇಳಿದ್ದರೂ ಅವಳು ತಿಳಿದಂತೆಯೇ ತಿಳಿಯುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. "ಅಲ್ಲವ್ವಾ, ತುಂಬಸೂದ ಇದ್ರ ಒಂದ ತಂಬಿಗಿ ನೀರ ಹಾಕಬೇಕಿತ್ತಲ್ಲ?" ಎಂದೆ.

ಅವಳಿಗೆ ಸಿಟ್ಟೇ ಬಂತು. "ನೀರ ಹಾಕಿದ್ರ ಖೋಟಾ ಆಕ್ಕೈತಲ್ರಿ! ಜೀವದ ಮಾತಿನ್ಯಾಗ ಖೋಟಾ ಮಾಡ್ತಾರೇನ್ರಿ ಯಾರರ?"

ಅವಳು ನೀರು ಬೆರೆಸಿದ್ದರೆ ಏನೂ ಆಗುತ್ತಿರಲಿಲ್ಲ. ನೀರು ಹೆಚ್ಚಾದಷ್ಟು ಬಣ್ಣ ತೆಳ್ಳಗಾಗುತ್ತದೆ, ಡಬ್ಬಿಯ ಒಟ್ಟು ಅಳತೆಯಿಂದ ಗುಣಿಸಿದರೆ ಲೆಕ್ಕ ಅಷ್ಟಕ್ಕಷ್ಟೇ ಬಂದು ನಿಲ್ಲುತ್ತದೆ. ಮೋಸಗಾರರು ನಮ್ಮ ಲೆಕ್ಕ ಕೆಡಿಸಲಾರದಂಥ ವಿಧಾನ ಅದು. ಆದರೆ ಗೌರವ್ವ ಮೋಸಗಾತಿಯಲ್ಲ. ತಾಟು ಬೇರೆ, ಚರಿಗೆ ಬೇರೆ ಎಂದು ಊರಿಗೆಲ್ಲ ಸಾರಿದವಳು ಈ ಒಂದು ಡಬ್ಬಿಯಲ್ಲಿ ಮಾತ್ರ ಸೊಸೆಯದಕ್ಕೆ ತನ್ನದನ್ನು ಬೆರೆಸಿದ್ದಳು. ದುಡಿದು ಗಟ್ಟಿಯಾದ ಆ ಅತ್ತೆಯ ಮೂತ್ರಪಿಂಡದ ಲೆಕ್ಕದಲ್ಲಿ ನಾವು ಸೊಸೆಗೆ ಸೂಜಿ ಹಾಕಿಸಿದ್ದೆವು.

ಡಾಕ್ಟರ ಬಾಯಿ ಬೈಯಲಿಲ್ಲ. ಗೌರವ್ವನ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು ಒಲೆ, ಬೂದಿ, ಗುಡಿಸುವುದು ಎಲ್ಲವನ್ನೂ ನಿಧಾನಕ್ಕೆ ಹೇಳಿದರು. ಕಡಿಮಿ ಎಂದರೆ ಏನೆಂದು ಹೇಳಿದರು. ಸೂಜಿ ಹೆಚ್ಚಾದರೆ ಏನಾಗುತ್ತದೆ ಎಂಬುದನ್ನೂ ಹೇಳಿದರು. ಗೌರವ್ವ ಕೇಳುತ್ತ ಕೇಳುತ್ತ ಸಣ್ಣವಳಾದಳು. ಕೊನೆಗೆ, "ಹಂಗಾರ ಅಕಿ ಕಿವ್ಯಾಗಿನ ಜೀರಂಗಿ ನಾ ಬಿಟ್ಟಿದ್ದೇನ್ರಿ?" ಎಂದು ಕೇಳಿದಳು.

"ಅಲ್ಲವ್ವಾ. ಸೂಜಿ ಬಿಟ್ಟಿದ್ದು" ಎಂದರು ಡಾಕ್ಟರ ಬಾಯಿ. ಅದು ಗೌರವ್ವನಿಗೆ ಹಿಡಿಸಲಿಲ್ಲ. ತಲೆ ಅಲ್ಲಾಡಿಸಿದಳು. ಮಳೆ ಜೋರಾದರೂ ಕಟ್ಟೆ ಬಿಟ್ಟು ಏಳಲಿಲ್ಲ.

ಮೂರನೇ ಡಬ್ಬಿ ತಂದದ್ದೂ ಅವಳೇ. ಈ ಸಲ ಸೊಂಟದ ಮೇಲೆ ಇರಲಿಲ್ಲ, ಸೆರಗಿನೊಳಗೆ ಮುಚ್ಚಿಕೊಂಡು ಬಂದಿದ್ದಳು. ತಳದಲ್ಲಿ ಇಷ್ಟೇ ಇಷ್ಟು. ಅದನ್ನು ನನ್ನ ಮುಂದಿಡಲು ಅವಳಿಗೆ ಎಷ್ಟು ನಾಚಿಕೆಯಾಗುತ್ತಿತ್ತೆಂದರೆ ಮುಖ ಆ ಕಡೆ ತಿರುಗಿಸಿ ಚಾಚಿದಳು. "ಬಂದದ್ದು ಇಷ್ಟರೀ. ಯಾರೂ ಕೈ ಹಚ್ಚಿಲ್ಲ. ಇಡೀ ದಿನಾ ಬಾಜೂಕ ಕುಂತು ಕಾದೇನಿ."

ಲೆಕ್ಕ ಮಾಡಿದೆ. ಅಂಕಿ ಮೊದಲಿನದರ ಮೂರನೇ ಒಂದು ಪಾಲೂ ಇರಲಿಲ್ಲ. ಅದನ್ನು ಬರೆದುಕೊಟ್ಟೆ. ಡಾಕ್ಟರ ಬಾಯಿ ಸೂಜಿಯನ್ನು ವಾರಕ್ಕೆರಡು ಸಲಕ್ಕೆ ಇಳಿಸಿದರು, ಅದರಲ್ಲೂ ಅಳತೆ ಕಡಿಮೆ ಮಾಡಿದರು, ಗುಳಿಗೆ ಬದಲಿಸಿದರು. ಇನ್ನು ಅದು ಒಂದು ಕಡೆ ಕ್ಷಯ, ಒಂದು ಕಡೆ ಮೂತ್ರಪಿಂಡ, ನಡುವೆ ನಾವು ಎಂಬಂಥ ಆಟ. ಪ್ರತಿ ಹದಿನೈದು ದಿನಕ್ಕೊಮ್ಮೆ ಡಬ್ಬಿ ಬರುತ್ತಿತ್ತು. ಅಂಕಿ ಏರಿದರೆ ಚಹಾ ಕುಡಿಯುತ್ತಿದ್ದೆವು, ಇಳಿದರೆ ಕುಡಿಯುತ್ತಿರಲಿಲ್ಲ. ಸೀಗಿ ಹುಣ್ಣಿಮೆಯ ಹೊತ್ತಿಗೆ ಮಳೆ ಹಿಂದೆ ಸರಿಯಿತು. ಅಷ್ಟರಲ್ಲಿ ಅಂಕಿ ಆರೋಗ್ಯವಂತರದರ ಅರ್ಧದ ಹತ್ತಿರ ಬಂದು ಅಲ್ಲೇ ನಿಂತಿತ್ತು. ಕಫದಲ್ಲಿ ಕ್ಷಯದ ಕ್ರಿಮಿ ಕಾಣುವುದು ನಿಂತಿತು. ಆಮೇಲೆ ಗುಳಿಗೆಗಳಷ್ಟೇ ಸಾಕಾದವು, ಅವನ್ನು ಅವರ ಊರಿನ ಕಡೆಯಲ್ಲೇ ಕೊಡುವ ಏರ್ಪಾಡಾಯಿತು. ಚಳಿಗಾಲದಲ್ಲಿ ಅವರು ಬರಲಿಲ್ಲ. ಒಂದು ಡಬ್ಬಿ ಅವರ ಬಳಿಯೇ ಉಳಿದಿತ್ತು. ನೀಲವ್ವ ಏನಾದಳೋ ಎಂದು ನಾನು ಕೇಳಲಿಲ್ಲ, ಡಾಕ್ಟರ ಬಾಯಿಯೂ ಕೇಳಲಿಲ್ಲ. ಕೇಳಿದರೆ ಯಾವ ಉತ್ತರ ಬರುತ್ತದೋ ಎಂಬ ಅಳುಕು ನಮ್ಮಿಬ್ಬರಿಗೂ ಇತ್ತು.

ಜೋಳದ ಸುಗ್ಗಿ ಮುಗಿದ ಮೇಲೆ ಒಂದು ದಿನ ಗೌರವ್ವ ಬಂದಳು, ಒಬ್ಬಳೇ. ಸೊಂಟದ ಮೇಲೆ ನಮ್ಮ ಡಬ್ಬಿ. ಉಜ್ಜಿ ಉಜ್ಜಿ ತೊಳೆದು ಹೊಸದರಂತೆ ಮಾಡಿದ್ದಳು. ಕೊರಳ ತನಕ ಬಿಳಿಜೋಳ ತುಂಬಿತ್ತು.

"ನಿಮ್ಮ ಡಬ್ಬಿ ತಗೋರಿ. ಇನ್ನ ಬೇಕಾಗೂದಿಲ್ಲ ನಮಗ" ಎಂದಳು. "ಹಂಗ ಖಾಲಿ ಕೊಡಬಾರದಲ್ಲರಿ."

ಬೇಕಾಗುವುದಿಲ್ಲ ಎಂದರೆ ಏನು? ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡವನಿಗೆ ಕೇಳಲು ಬಾಯಿ ಬರಲಿಲ್ಲ. ಡಾಕ್ಟರ ಬಾಯಿ ಮಾತ್ರ ಜೋಳದೊಳಗೆ ಕೈಯಿಟ್ಟು ಒಂದು ಹಿಡಿ ತೆಗೆದು ಮೂಸಿ ನೋಡಿದರು. ಎಷ್ಟು ತೊಳೆದರೂ ಅದರಲ್ಲಿ ಅಜವಾನದ ವಾಸನೆ ಉಳಿದಿತ್ತು. "ಬೀಸಾಕ ಕಳಸು ಈರಣ್ಣ" ಎಂದರು. "ಬಾಯಾರ, ಇದು ಯಾತರ ಡಬ್ಬಿ..." ಎಂದೆ. "ಗೊತ್ತೈತಿ. ಕಳಸು" ಎಂದರು. ಆ ಜೋಳದ ರೊಟ್ಟಿಯನ್ನು ನಾವು ಉಂಡೆವು.

ಆದರೆ ಅದು ಆಮೇಲಿನ ಮಾತು. ಆಗ ನಾನು ಹೇಗೋ ಧೈರ್ಯ ಮಾಡಿ, "ನೀಲವ್ವ?" ಎಂದೆ.

ಗೌರವ್ವ ಗೇಟಿನ ಕಡೆ ಗದ್ದ ತೋರಿಸಿದಳು. ರಸ್ತೆಯಾಚೆ ಬೇವಿನ ಗಿಡದ ಕೆಳಗೆ ಒಬ್ಬ ಹೆಂಗಸು ನಮಗೆ ಬೆನ್ನು ಮಾಡಿ ಕೂತಿದ್ದಳು. ಮೈ ಸ್ವಲ್ಪ ತುಂಬಿಕೊಂಡಿತ್ತು, ತುರುಬಿನಲ್ಲಿ ಹೂವಿತ್ತು. ನನಗೆ ಸಂತೋಷ ತಡೆಯಲಾಗಲಿಲ್ಲ. ಮೆಟ್ಟಿಲ ಮೇಲೆ ಬಂದು ಎರಡೂ ಕೈ ಬಾಯಿಗೆ ಹಿಡಿದು "ನೀಲವ್ವಾ!" ಎಂದು ಕೂಗಿದೆ. ಅವಳು ತಿರುಗಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಗಿಡದ ಮೇಲಿನ ಕಾಗೆ ಹಾರಿಹೋಯಿತು. ನೀಲವ್ವ ನೆಲದ ಮೇಲೆ ಕಡ್ಡಿಯಿಂದ ಏನೋ ಗೀಚುತ್ತ ಹಾಗೆಯೇ ಕೂತಿದ್ದಳು.

"ಕೂಗಬ್ಯಾಡ್ರಿ" ಎಂದಳು ಗೌರವ್ವ ಮೆಲ್ಲಗೆ. ಅವಳ ಸ್ವರ ಇಷ್ಟು ಸಣ್ಣದೂ ಆಗಬಲ್ಲದೆಂದು ನನಗೆ ಗೊತ್ತಿರಲಿಲ್ಲ. "ಅಕಿಗೆ ಕೇಳಸೂದಿಲ್ರಿ. ಈಗ ಬೈಯೂದೂ ಬಿಟ್ಟೇನಿ, ಬೈದ್ರ ಯಾರಿಗಿ ಕೇಳಬೇಕು? ನಾ ಹೋಗಿ ಮುಟ್ಟಿದ್ರ ತಿರಗತಾಳ. ನಿಲ್ರಿ, ಕರಕೊಂಡ ಬರ್ತೇನಿ."

ಸೆರಗು ಸರಿಪಡಿಸಿಕೊಂಡು, ಖಾಲಿಯಾದ ಸೊಂಟದ ಮೇಲೆ ಒಂದು ಕೈಯಿಟ್ಟುಕೊಂಡು ಅವಳು ಮೆಟ್ಟಿಲಿಳಿದು ರಸ್ತೆ ದಾಟಿದಳು.